ಅಡ್ಡಳತೆ

ನಮ್ಮ ಮನೆಗೆ ಚಪ್ಪಲಿ ಬರುತ್ತಿದ್ದದ್ದು ಪೊರಕೆ ಕಡ್ಡಿಯ ಮೂಲಕ. ಅಪ್ಪ ಮಧುಗಿರಿಯ ಸಂತೆಗೆ ಹೊರಡುವ ಹಿಂದಿನ ರಾತ್ರಿ ಅಮ್ಮ ನಾಲ್ಕು ಮಕ್ಕಳನ್ನೂ ಗೋಡೆಗೆ ಹಿಮ್ಮಡಿ ತಾಗಿಸಿ ಸಾಲಾಗಿ ನಿಲ್ಲಿಸುತ್ತಿದ್ದಳು. ತೆಂಗಿನ ಪೊರಕೆಯಿಂದ ಕಡ್ಡಿ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ನೆಲಕ್ಕೆ ಹಿಡಿದು, ಉಗುರಿನಲ್ಲಿ ಚಿವುಟಿ ಪಟಕ್ಕನೆ ಮುರಿಯುವಳು. ಅದಲು ಬದಲಾಗದಿರಲಿ ಎಂದು ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಸುತ್ತುವಳು. ನನ್ನದು ಹಸಿರು ದಾರ. ಅಪ್ಪ ಆ ನಾಲ್ಕು ಕಡ್ಡಿಗಳನ್ನು ಪೆನ್ನಿನ ಪಕ್ಕ ಜೇಬಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಅಂಗಡಿಯವನು ಚಪ್ಪಲಿಯ ಮೇಲೆ ಕಡ್ಡಿ ಇಟ್ಟು ನೋಡಿ, ಬೆಳೆಯೋ ಮಕ್ಕಳು ಅಂತ ಒಂದು ಬೆರಳು ಹೆಚ್ಚಿಗೇ ಕೊಡುತ್ತಿದ್ದ. ಒಂದು ವರ್ಷ ಬಸ್ಸಿನ ನೂಕುನುಗ್ಗಲಿನಲ್ಲಿ ಹಸಿರು ದಾರದ ಕಡ್ಡಿ ತುದಿಯಲ್ಲಿ ಮುರಿದಿತ್ತು. ಅಪ್ಪನಿಗೆ ಗೊತ್ತಾಗಲಿಲ್ಲ, ಅಂಗಡಿಯವನಿಗೂ ಗೊತ್ತಾಗಲಿಲ್ಲ. ಆ ವರ್ಷವಿಡೀ ನನ್ನ ಹಿಮ್ಮಡಿ ಚಪ್ಪಲಿಯಾಚೆ ಜಗಲಿಯ ಮೇಲೆ ಕೂತ ಹಾಗೆ ಹೊರಗೇ ಇತ್ತು.

ಈಗ ನನಗೆ ಐವತ್ತೆರಡು. ಆ ಕಡ್ಡಿಯ ಅಳತೆಯಲ್ಲಿ ಇನ್ನೊಂದು ದೋಷವಿತ್ತು ಎಂದು ತಿಳಿದದ್ದು ಹೋದ ವರ್ಷ. ಅದು ಉದ್ದ ಮಾತ್ರ ಅಳೆಯುತ್ತಿತ್ತು. ನನ್ನ ಪಾದವೋ, ಹಿಂದೆ ಸಣ್ಣ, ಮುಂದೆ ಅಗಲ, ಥೇಟ್ ಮೊರ. ಹೆಣ್ಣು ನೋಡಲು ಬಂದಾಗ ಸೋದರತ್ತೆ ಕಿವಿಯಲ್ಲಿ, "ಸೀರೆ ಸ್ವಲ್ಪ ಕೆಳಗೆ ಬಿಡೇ, ಕಾಲು ಕಾಣ್ತಿದೆ" ಎಂದಿದ್ದರು. ಬಿಟ್ಟೆ. ಹಾಗೆ ಬಿಟ್ಟ ಸೀರೆಯ ಮರೆಯಲ್ಲಿ ನನ್ನ ಪಾದ ಮೂವತ್ತು ವರ್ಷ ಅಜ್ಞಾತವಾಸ ಮಾಡಿತು. ಅದನ್ನು ಹೊರಕ್ಕೆಳೆದದ್ದು ಬಂಡೆ.

ಬಂಡೆಗೂ ನನಗೂ ನಂಟು ಬೆಳೆದದ್ದು ಮಗಳ ದೆಸೆಯಿಂದ. ಅವಳು ಕಂಠೀರವ ಕ್ರೀಡಾಂಗಣದ ಹತ್ತುಗೋಡೆಯಲ್ಲಿ ಹಲ್ಲಿಯ ಹಾಗೆ ಓಡಾಡುತ್ತಿದ್ದರೆ ನಾನು ಕೆಳಗೆ ಕೂತು ಬ್ಯಾಗು, ನೀರಿನ ಬಾಟಲಿ, ಉತ್ತರ ಪತ್ರಿಕೆಗಳ ಕಟ್ಟು ಕಾಯುತ್ತಿದ್ದೆ. ಎರಡು ವರ್ಷ ಕಾದೆ. ಒಂದು ದಿನ ತರಬೇತುದಾರ ಹುಡುಗ, "ಆಂಟಿ, ಸುಮ್ನೆ ಕೂತಿರೋ ಬದಲು ಒಂದ್ಸಲ ಹಾರ್ನೆಸ್ ಹಾಕ್ಕೊಳಿ" ಎಂದ. ಹಾಕಿಕೊಂಡೆ. ಮುಕ್ಕಾಲು ಗೋಡೆ ಹತ್ತಿ, ಕೆಳಗೆ ನೋಡಿ, ಮನೆದೇವರನ್ನು ನೆನೆದು, ಹಗ್ಗದಲ್ಲಿ ತೂಗಾಡುತ್ತ ಇಳಿದೆ. ಇಳಿದ ಮೇಲೆ ಕೈ ನಡುಗುತ್ತಿತ್ತು, ಮುಖದಲ್ಲಿ ಮಾತ್ರ ಏನೋ ನಗು ಅಂಟಿಕೊಂಡಿತ್ತು. ಅದು ಸೋಮವಾರ ಸ್ಟಾಫ್ ರೂಮಿನವರೆಗೂ ಹೋಗಲಿಲ್ಲ.

ಅಲ್ಲಿಂದ ರಾಮನಗರ. ಭಾನುವಾರ ಬಿಟ್ಟು ಭಾನುವಾರ ಬೆಳಗಿನ ಜಾವಕ್ಕೇ ಹೊರಟು, ಬಿಸಿಲೇರುವ ಮುಂಚೆ ಬಂಡೆ ಮುಟ್ಟಬೇಕು. ನಿಮಗೆ ರಾಮನಗರ ಎಂದರೆ ‘ಶೋಲೆ’ ನೆನಪಾಗಬಹುದು. ಭೂವಿಜ್ಞಾನಿಗಳಿಗೆ ನೆನಪಾಗುವುದು ಕ್ಲೋಸ್‌ಪೇಟೆ ಗ್ರಾನೈಟು. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಊರಿಗೆ ಅಂಟಿ, ಊರು ಅದನ್ನು ಕಳಚಿಕೊಂಡರೂ ಕಲ್ಲು ಕಳಚಿಕೊಂಡಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲದು. ಅಂಗೈಯಿಟ್ಟರೆ ದಪ್ಪ ರವೆಯ ಉಪ್ಪಿಟ್ಟನ್ನು ಆರಿಸಿ ಗಟ್ಟಿ ಮಾಡಿದ ಹಾಗೆ ತರಿತರಿ. ಅದರ ಹರಳುಗಳ ಮೇಲೆಯೇ ಕಾಲೂರಿ ಹತ್ತುವುದು.

ಆದರೆ ಹತ್ತುವುದಕ್ಕೆ ಮುಂಚೆ ಹತ್ತುವ ಜಾಗಕ್ಕೆ ಹೋಗಬೇಕಲ್ಲ? ವಾಹನ ನಿಲ್ಲಿಸಿದಲ್ಲಿಂದ ಹಗ್ಗ ಕಟ್ಟುವ ಜಾಗದವರೆಗೆ ಅರ್ಧ ಗಂಟೆಯ ದಾರಿ. ಮೊದಲು ಲಂಟಾನದ ಮುಳ್ಳು, ಆಮೇಲೆ ಉರುಳು ಗುಂಡುಗಳು, ಆಮೇಲೆ ಹಿಡಿಯಲು ಹುಲ್ಲುಕಡ್ಡಿಯೂ ಇಲ್ಲದ ಒಂದು ಇಳಿಜಾರು ಹಾಸುಬಂಡೆ. ಇದು ನಡಿಗೆಯೂ ಅಲ್ಲ, ಹತ್ತುವುದೂ ಅಲ್ಲ. ಈ ದಾರಿಗೆ ಬಂಡೆ ಹತ್ತುವವರ ಭಾಷೆಯಲ್ಲಿ ‘ಅಪ್ರೋಚ್’ ಎಂದು ಹೆಸರು. ಅದಕ್ಕೆಂದೇ ಮಾಡಿದ್ದು ಅಪ್ರೋಚ್ ಶೂ.

ನಮ್ಮ ಕನ್ನಡದಲ್ಲಿ ಅಪ್ರೋಚ್‌ಗೆ ಬೇರೆಯೇ ಅರ್ಥ ಕೂತುಬಿಟ್ಟಿದೆಯಲ್ಲ, ಅದರಿಂದ ಪಜೀತಿಯಾಯಿತು. ಸ್ಟಾಫ್ ರೂಮಿನಲ್ಲಿ "ಒಂದು ಜೊತೆ ಒಳ್ಳೆ ಅಪ್ರೋಚ್ ಶೂ ಹುಡುಕ್ತಿದೀನಿ" ಎಂದೆ. ಭೌತಶಾಸ್ತ್ರದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಅದಕ್ಕೂ ಈಗ ಬೇರೆ ಶೂ ಬಂತಾ ಮೇಡಂ? ನನ್ನ ಟ್ರಾನ್ಸ್‌ಫರ್‌ಗೆ ನಾನು ವಿಧಾನಸೌಧದ ಮೆಟ್ಟಿಲಲ್ಲಿ ಸವೆಸಿದ್ದು ಹವಾಯಿ ಚಪ್ಪಲಿ. ಅದಕ್ಕೇ ಏನೋ ಆಗಲಿಲ್ಲ." ಗ್ರಂಥಪಾಲಕಿ ಇನ್ನೂ ಮುಂದೆ ಹೋಗಿ, "ಯಾರ ಅಪ್ರೋಚೂ ಇಲ್ಲದವರಿಗೆ ಶೂ ಆದರೂ ಇರಲಿ ಬಿಡಿ" ಎಂದರು. ಯೋಚಿಸಿದರೆ ಎರಡರ್ಥಕ್ಕೂ ದೂರವೇನಿಲ್ಲ. ಎರಡೂ ಕಡೆ ಗುರಿ ಮೇಲಿದೆ, ದಾರಿ ಜಾರುತ್ತದೆ, ಹಿಡಿಯಲು ಏನಾದರೂ ಬೇಕು.

ಆ ಶೂ ಹೇಗಿರುತ್ತದೆ? ದೂರದಿಂದ ನೋಡಿದರೆ ಸಾಮಾನ್ಯ ಟ್ರೆಕ್ಕಿಂಗ್ ಶೂ. ಮಗುಚಿ ಹಾಕಿದರೆ ಗುಟ್ಟು ತಿಳಿಯುತ್ತದೆ. ಹೆಬ್ಬೆರಳಿನ ಕೆಳಗೆ ಅಂಗೈಯಗಲದಷ್ಟೂ ಇಲ್ಲದ ಒಂದು ಜಾಗ ನುಣ್ಣಗೆ, ಗೆರೆಯಿಲ್ಲದೆ ಇರುತ್ತದೆ. ಅದಕ್ಕೆ ಕ್ಲೈಂಬಿಂಗ್ ಝೋನ್ ಎನ್ನುತ್ತಾರೆ; ಬಂಡೆಯ ಸಣ್ಣ ಅಂಚಿನ ಮೇಲೆ ನಿಲ್ಲುವುದು ಅದರಿಂದ. ಅದರ ಹಿಂದೆ ನಿಪ್ಪಟ್ಟಿನ ಮೇಲಿನ ಚುಕ್ಕೆಗಳಂಥ ತಗ್ಗು ಗುಬುಟುಗಳು. ಹಿಮ್ಮಡಿಯಲ್ಲಿ ಇಳಿಯುವಾಗ ಬ್ರೇಕು ಹಿಡಿಯಲು ಸ್ವಲ್ಪ ಆಳದ ಗೆರೆಗಳು. ಸುತ್ತಲೂ ಕಲ್ಲು ತರಚದ ಹಾಗೆ ರಬ್ಬರಿನ ಅಂಚುಪಟ್ಟಿ, ಅದು ರ‍್ಯಾಂಡ್. ಲೇಸು ಮಾಮೂಲಿ ಶೂಗಳಂತೆ ಮಧ್ಯದಲ್ಲಿ ನಿಲ್ಲದೆ ಬೆರಳಿನ ಬುಡದವರೆಗೂ ಇಳಿದಿರುತ್ತದೆ. ನಡೆಯುವಾಗ ಸಡಿಲ ಬಿಡು, ಹತ್ತುವಾಗ ಬಿಗಿ. ಹಿಮ್ಮಡಿಗೊಂದು ಗಟ್ಟಿ ಕುಣಿಕೆ. ಬಂಡೆಯ ಬುಡದಲ್ಲಿ ಇದನ್ನು ಬಿಚ್ಚಿ ಹತ್ತುವ ಶೂ ಹಾಕಿಕೊಂಡ ಮೇಲೆ ಕ್ಯಾರಬೈನರ್ ಎಂಬ ಕೊಂಡಿಯಲ್ಲಿ ಸೊಂಟಕ್ಕೆ ನೇತು ಹಾಕಿಕೊಳ್ಳಲು. ಹೆಂಗಸರ ಅಳತೆಯ ಒಂದು ಜೊತೆ ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ. ಅಷ್ಟು ಭಾರ ಸೊಂಟದಲ್ಲಿ ನೇತಾಡಿಸಿಕೊಂಡು ಹತ್ತುವುದು, ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುವ ನಮ್ಮ ಹೆಂಗಸರಿಗೆ ಅಷ್ಟೇನೂ ಹೊಸದಲ್ಲ.

ಈ ನಡುವಣ ಶೂ ಹುಟ್ಟಿಕೊಂಡದ್ದರ ಹಿಂದೆ ಒಂದು ಸಾವಿನ ಕತೆಯಿದೆ. 1935ರಲ್ಲಿ ಇಟಲಿಯ ಮಿಲಾನಿನ ವಿತಾಲೆ ಬ್ರಮಾನಿ ಗೆಳೆಯರ ಗುಂಪಿನೊಂದಿಗೆ ಆಲ್ಪ್ಸ್‌ನ ಪುಂತಾ ರಾಸಿಕಾ ಶಿಖರಕ್ಕೆ ಹೋಗಿದ್ದ. ಆಗಿನ ರೂಢಿಯಂತೆ ಮೊಳೆ ಹೊಡೆದ ಭಾರದ ಬೂಟುಗಳನ್ನು ಬಂಡೆಯ ಬುಡದಲ್ಲಿ ಬಿಟ್ಟು, ಹಗುರವಾದ ಮೆತ್ತನೆ ತಳದ ಶೂ ಹಾಕಿ ಹತ್ತಿದರು. ಮೇಲೆ ಹಿಮಗಾಳಿ ಹಿಡಿಯಿತು. ಆ ತೆಳುಶೂಗಳಲ್ಲಿ ಹಿಮದ ಮೇಲೆ ಇಳಿಯುವಂತಿಲ್ಲ, ಬೂಟುಗಳೋ ಕೆಳಗಿವೆ. ಆರು ಮಂದಿ ಸತ್ತರು. ಬ್ರಮಾನಿ ಬದುಕಿ ಬಂದು, ನಡೆಯುವುದಕ್ಕೂ ಹತ್ತುವುದಕ್ಕೂ ಒಂದೇ ತಳ ಇರಬೇಕು ಎಂದು ಹಟ ಹಿಡಿದ. ಪಿರೆಲ್ಲಿಯ ನೆರವಿನಿಂದ ರಬ್ಬರಿನ ತಳ ಮಾಡಿ 1937ರಲ್ಲಿ ಪೇಟೆಂಟ್ ಪಡೆದ. ಅದರ ಹೆಸರು ‘ಕರ್ರಾರ್ಮಾತೊ’, ಅಂದರೆ ಯುದ್ಧದ ಟ್ಯಾಂಕು. ವಿತಾಲೆಯ ‘ವಿ’, ಬ್ರಮಾನಿಯ ‘ಬ್ರಮ್’ ಸೇರಿ ವಿಬ್ರಮ್. 1954ರಲ್ಲಿ ಇಟಲಿಯವರು ಕೆ2 ಶಿಖರ ಮುಟ್ಟಿದ್ದು ಆ ತಳದ ಮೇಲೆಯೇ. ಇವತ್ತು ಯಾವುದೇ ಅಂಗಡಿಯಲ್ಲಿ ಬೆಟ್ಟದ ಶೂ ಮಗುಚಿದರೂ ಎಂಟುಮೂಲೆಯ ಹಳದಿ ಮುದ್ರೆಯೊಂದು ಕಣ್ಣಿಗೆ ಬೀಳುವ ಸಂಭವ ಹೆಚ್ಚು. ನನಗೆ ಅದು ಕಂಡಾಗೆಲ್ಲ ಬಂಡೆಯ ಬುಡದಲ್ಲಿ ಸಾಲಾಗಿ ಬಿಟ್ಟುಹೋದ ಆರು ಜೊತೆ ಬೂಟುಗಳು ಕಣ್ಣಿಗೆ ಬರುತ್ತವೆ. ದೇವಸ್ಥಾನದ ಮುಂದೆ ಬಿಟ್ಟ ಚಪ್ಪಲಿಗಳ ಹಾಗೆ, ಒಡೆಯರು ಈಗ ಬಂದಾರು, ಈಗ ಬಂದಾರು ಎಂದು.

ಬ್ರಮಾನಿಯ ತಳ ಟ್ಯಾಂಕಿನಂತಿತ್ತು. ಬಂಡೆಗೆ ಅಂಟುವ ಮೆದು ರಬ್ಬರಿನ ಕಾಲ ಬಂದದ್ದು ಆಮೇಲೆ. 1985ರಲ್ಲಿ ಅಮೆರಿಕದ ಚಾರ್ಲ್ಸ್ ಕೋಲ್ ಶುರುಮಾಡಿದ ಫೈವ್ ಟೆನ್ ಕಂಪನಿಯ ಶೂಗಳಿಂದ ಅಪ್ರೋಚ್ ಎಂಬ ಜಾತಿ ಬೇರೆಯಾಗಿ ಎದ್ದು ಕಾಣತೊಡಗಿತು. ಫೈವ್ ಟೆನ್ ಅಂದರೆ ಬಂಡೆಯ ಕಷ್ಟವನ್ನಳೆಯುವ ಅಮೆರಿಕದ ಒಂದು ದರ್ಜೆ, 5.10. ಮೆದು ರಬ್ಬರಿನ ಕೆಲಸ ಸರಳ: ಕಲ್ಲಿನ ತರಿಗಳಿಗೆ ಹಿಟ್ಟಿನ ಹಾಗೆ ತಗ್ಗಿ ಒತ್ತಿಕೊಳ್ಳುವುದು. ಎಷ್ಟು ಮೆದುವೋ ಅಷ್ಟು ಹಿಡಿತ, ಅಷ್ಟೇ ಬೇಗ ಸವೆತ. ನಮ್ಮ ಗ್ರಾನೈಟಂತೂ ಅರದ ಹಾಗೆ ಉಜ್ಜುತ್ತದೆ. ಆದ್ದರಿಂದ ಈ ಶೂ ಹಾಕಿಕೊಂಡು ತರಕಾರಿಗೆ ಹೋಗಬಾರದು. ನನ್ನ ಯಜಮಾನರು ಒಮ್ಮೆ ನನ್ನ ಶೂ ನೋಡಿ, "ಇಷ್ಟು ದುಡ್ಡು ಕೊಟ್ಟಿದೀಯ, ವಾಕಿಂಗಿಗಾದ್ರೂ ಹಾಕ್ಕೊ, ದುಡ್ಡು ಹುಟ್ಟಲಿ" ಎಂದರು. ಕಾಂಕ್ರೀಟಿನ ಮೇಲೆ ದುಡ್ಡು ಹುಟ್ಟುವುದಿಲ್ಲ, ರಬ್ಬರು ಸಾಯುತ್ತದೆ.

ಅಂಗಡಿಯ ಕತೆಗೆ ಬರೋಣ. ನಗರದ ದೊಡ್ಡದೊಂದು ಅಂಗಡಿಗೆ ಮೊದಲ ಸಲ ಹೋದಾಗ ಹುಡುಗ ವಿನಯದಿಂದ, "ಮೇಡಂ, ಲೇಡೀಸ್ ಈ ಕಡೆ" ಎಂದು ಒಂದು ಮೂಲೆಗೆ ಕರೆದೊಯ್ದ. ಗಂಡಸರ ಗೋಡೆ ಬೆಟ್ಟದ ಬಣ್ಣದ್ದು: ಕಲ್ಲು, ಮಣ್ಣು, ಪಾಚಿ. ಹೆಂಗಸರ ಮೂಲೆ ಹುಟ್ಟುಹಬ್ಬದ ಕೇಕಿನದು: ಗುಲಾಬಿ, ನೇರಳೆ, ಪುದೀನ. ಶೂ ವ್ಯಾಪಾರದವರು ತಮ್ಮತಮ್ಮೊಳಗೆ ಒಪ್ಪಿಕೊಳ್ಳುವ ಸಂಗತಿಯೊಂದಿದೆ: ಬಹಳ ಕಾಲ ‘ಲೇಡೀಸ್ ಶೂ’ ಎಂದರೆ ಗಂಡಸರ ಶೂವನ್ನು ಕುಗ್ಗಿಸಿ ಗುಲಾಬಿ ಬಳಿದದ್ದು. "ಇದರಲ್ಲಿ ಹೆಂಗಸರದ್ದು ಅಂತ ಏನಪ್ಪ ವ್ಯತ್ಯಾಸ?" ಎಂದೆ. ಅವನು ಪೆಟ್ಟಿಗೆ ತಿರುಗಿಸಿ ಓದಿ, ಮುಖ ನೋಡಿ, "ಕಲರ್ ಮೇಡಂ" ಎಂದ. ಪ್ರಾಮಾಣಿಕ ಹುಡುಗ.

ನಿಜವಾದ ವ್ಯತ್ಯಾಸವಿರುವುದು ಅಚ್ಚಿನಲ್ಲಿ. ಶೂ ಹುಟ್ಟುವುದು ಕಾಲಿನಾಕಾರದ ಒಂದು ಅಚ್ಚಿನ ಮೇಲೆ. ಸಾಮಾನ್ಯವಾಗಿ ಹೆಂಗಸರ ಪಾದ ಮುಂಭಾಗಕ್ಕೆ ಹೋಲಿಸಿದರೆ ಹಿಮ್ಮಡಿಯಲ್ಲಿ ಕಿರಿದು, ಮೇಲ್ಗಾಲಿನ ಎತ್ತರವೂ ಕಡಿಮೆ. ಗಂಡಸರ ಅಚ್ಚನ್ನು ಕುಗ್ಗಿಸಿದರೆ ಇದು ಬರುವುದಿಲ್ಲ. ಹಿಮ್ಮಡಿ ಒಳಗೆ ಮೇಲೆದ್ದು ಕುಣಿಯುತ್ತದೆ, ಗುಳ್ಳೆ ಬರುತ್ತದೆ. ಒಳ್ಳೆಯ ಕಂಪನಿಗಳು ಈಗ ಹೆಂಗಸರಿಗೆಂದೇ ಬೇರೆ ಅಚ್ಚು ಮಾಡುತ್ತವೆ. 1928ರಲ್ಲಿ ಮರ ಕಡಿಯುವವರಿಗೆ, ರೈತರಿಗೆ ಬೂಟು ಹೊಲಿಯುತ್ತ ಶುರುವಾದ ಇಟಲಿಯ ಲಾ ಸ್ಪೋರ್ಟಿವಾ ಕೂಡ ಈಗ ತನ್ನ ಅಪ್ರೋಚ್ ಶೂಗಳನ್ನು ಹೆಂಗಸರಿಗೆ ಬೇರೆಯಾಗಿ ಕೊಡುತ್ತದೆ. ಆದರೆ ಇಟಲಿಯ ಹೆಂಗಸು ಹುಟ್ಟಿದಾಗಿನಿಂದ ಶೂ ಹಾಕಿದವಳು. ನಾನು ಹೈಸ್ಕೂಲಿನವರೆಗೆ ಬರಿಗಾಲಲ್ಲಿ ಹೊಲ ತುಳಿದವಳು, ವರ್ಷಕ್ಕೊಂದು ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ಓಡಿದವಳು. ನನ್ನ ಬೆರಳುಗಳು ಕೂಡುಕುಟುಂಬದ ಓರಗಿತ್ತಿಯರ ಹಾಗೆ ಒಂದಕ್ಕೊಂದು ದೂರವೇ ನಿಂತಿವೆ.

ಬೆಟ್ಟ ಹತ್ತುವ ಹೆಂಗಸರ ಪಾಡು ಮೊದಲಿನಿಂದಲೂ ಬಟ್ಟೆ ಬೂಟುಗಳದೇ. ಲಿಜ್ಜಿ ಲೆ ಬ್ಲಾಂಡ್ ಎಂಬ ಸಿರಿವಂತ ಮನೆಯ ಹೆಂಗಸು ಹತ್ತೊಂಬತ್ತನೇ ಶತಮಾನದ ಕೊನೆಗೆ ಆಲ್ಪ್ಸ್ ಹತ್ತುತ್ತಿದ್ದಳು. 1907ರಲ್ಲಿ ಲಂಡನ್ನಿನಲ್ಲಿ ಲೇಡೀಸ್ ಆಲ್ಪೈನ್ ಕ್ಲಬ್ ಹುಟ್ಟಿದಾಗ ಮೊದಲ ಅಧ್ಯಕ್ಷೆಯೂ ಅವಳೇ. ಊರು ದಾಟುವವರೆಗೆ ಉದ್ದ ಲಂಗ, ದಾಟಿದ ಮೇಲೆ ಅದನ್ನು ಬಿಚ್ಚಿಟ್ಟು ಒಳಗಿನ ಚಡ್ಡಿಯಲ್ಲಿ ಏರುವುದು. ಬೆಟ್ಟಕ್ಕೆ ಬರುವವರೆಗೆ ತನ್ನ ಬೂಟನ್ನು ತಾನೇ ಹಾಕಿಕೊಂಡು ಗೊತ್ತಿರಲಿಲ್ಲವಂತೆ. ಯಾವ ಕಾಲಿಗೆ ಯಾವುದು ಎಂಬುದೂ ಅಷ್ಟು ಖಾತ್ರಿಯಿರಲಿಲ್ಲವಂತೆ. ಓದಿ ನಕ್ಕೆ. ಆಮೇಲೆ ಯೋಚಿಸಿದರೆ, ನನ್ನ ಕಾಲಿನ ಅಳತೆ ನನಗೆ ಗೊತ್ತಿತ್ತೇ? ಮೊದಲು ಅಪ್ಪ ತಂದರು, ಆಮೇಲೆ ಯಜಮಾನರು "ಐದಲ್ವಾ?" ಎಂದು ತಂದರು. ನಾನೂ ಐದು ಎಂದುಕೊಂಡೇ ಇದ್ದೆ.

ಈ ಐದು ಅಂದರೇನು ಎಂದು ಹುಡುಕಿದೆ. ಇಂಗ್ಲೆಂಡಿನ ಶೂ ಅಳತೆಯ ಮೂಲಮಾನ ಜವೆಗೋಧಿ ಕಾಳು! ಮೂರು ಕಾಳು ಸೇರಿದರೆ ಒಂದು ಇಂಚು. ಒಂದು ನಂಬರಿಗೂ ಇನ್ನೊಂದಕ್ಕೂ ನಡುವೆ ಒಂದು ಕಾಳಿನ ಅಂತರ. ಐದನೇ ನಂಬರಿನ ಅಚ್ಚೆಂದರೆ ಮೂವತ್ತು ಕಾಳಿನುದ್ದ, ಹತ್ತು ಇಂಚು. ಯೂರೋಪಿನವರು ಅದನ್ನೇ 38 ಎನ್ನುತ್ತಾರೆ; ಅವರ ಒಂದು ನಂಬರೆಂದರೆ ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲು. ನಮ್ಮಮ್ಮನ ಪೊರಕೆ ಕಡ್ಡಿಯನ್ನು ನೆನೆದು ಇಷ್ಟು ವರ್ಷ ನಾಚಿಕೊಂಡಿದ್ದೆನಲ್ಲ! ಅವರದು ಕಾಳು, ನಮ್ಮದು ಕಡ್ಡಿ, ಅಷ್ಟೇ. ಎರಡೂ ಉದ್ದವನ್ನಷ್ಟೇ ಅಳೆದವು.

ಇದಿಷ್ಟೂ ಗೊತ್ತಾದದ್ದು ಕೆಟ್ಟ ಮೇಲೆ. ಮೊದಲ ಜೊತೆ ಕೊಳ್ಳುವಾಗ ಹತ್ತುಗೋಡೆಯ ಹುಡುಗರ ಮಾತು ಕೇಳಿದ್ದೆ. "ಕ್ಲೈಂಬಿಂಗ್ ಶೂ ಟೈಟಾಗೇ ಇರಬೇಕು ಆಂಟಿ, ಬೆರಳು ಮಡಚಬೇಕು." ಹತ್ತುವ ಶೂವಿಗೆ ಅದು ಸರಿ, ಅದನ್ನು ಹಾಕಿರುವುದು ಹತ್ತು ನಿಮಿಷ, ಆಮೇಲೆ ಬಿಚ್ಚಿ ಬೆರಳು ತಿಕ್ಕಿಕೊಳ್ಳುತ್ತ ಕೂರುವುದು. ಅಪ್ರೋಚ್ ಶೂ ಹಾಕಿ ದಿನವಿಡೀ ನಡೆಯಬೇಕು ಎಂಬುದು ನನಗೂ ಹೊಳೆಯಲಿಲ್ಲ. ಬಿಗಿಯಾದ ನೇರಳೆ ಜೊತೆ ಕೊಂಡೆ. ಮೇಲಾಗಿ ನೀರು ಹೋಗದ ಒಳಪೊರೆಯದು. ನಮ್ಮ ಬಿಸಿಲಿಗೆ ಅದು ಇಡ್ಲಿ ಪಾತ್ರೆ. ಕಬ್ಬಾಳದುರ್ಗ ಹತ್ತುವಾಗ ಎಲ್ಲ ಚೆನ್ನ, ಬಂಡೆಗೆ ಕಾಲು ಅಂಟಿಕೊಳ್ಳುತ್ತಿತ್ತು, ನಾನು ಮಗಳಿಗೆ ಉಪದೇಶ ಕೊಡುತ್ತಿದ್ದೆ. ಇಳಿಯುವಾಗ ಹೆಬ್ಬೆರಳು ಪ್ರತಿ ಹೆಜ್ಜೆಗೂ ಶೂವಿನ ಮೂತಿಗೆ ಹೋಗಿ ಬಾಗಿಲು ತಟ್ಟಿತು. ಅರ್ಧ ಬೆಟ್ಟ ಇಳಿಯುವಷ್ಟರಲ್ಲಿ ಬಾಗಿಲು ಒಡೆಯುವ ಹಾಗೆ ಬಡಿಯತೊಡಗಿತು. ಆ ಬಂಡೆಯ ಮೇಲೆ ನಾನು ಹಿಂದುಹಿಂದಾಗಿ, ಅಡ್ಡಡ್ಡವಾಗಿ, ಕೊನೆಗೆ ಕೂತೂ ಇಳಿದೆ. ಉಗುರು ಮೊದಲು ನೇರಳೆಯಾಯಿತು (ಶೂವಿಗೆ ಹೊಂದಿತ್ತು), ಆಮೇಲೆ ಕಪ್ಪಾಯಿತು, ತಿಂಗಳೊಪ್ಪತ್ತಿನಲ್ಲಿ ಉದುರಿತು. ಬೆಟ್ಟದ ಶೂವನ್ನು ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಕೊಳ್ಳಬೇಕು. ಆ ಜೊತೆ ಈಗ ಮಗಳದು. ಅವಳು ಹುಟ್ಟಿದಾಗಿನಿಂದ ಶೂ ಹಾಕಿದವಳು, ಪಾದ ಇಟಲಿಯದೇ.

ಎರಡನೇ ಸಲ ಮ್ಯೂನಿಕ್‌ನಲ್ಲಿರುವ ಅಣ್ಣನ ಮಗ ಕೈಹಿಡಿದ. "ಅತ್ತೆ, ನಂಬರ್ ಹೇಳಬೇಡಿ. ಕಾಲು ಬರೆದು ಕಳಿಸಿ" ಎಂದ. ಸಂಜೆ ಹೊತ್ತು ನಡುಮನೆಯಲ್ಲಿ ದಿನಪತ್ರಿಕೆ ಹಾಸಿ, ಅದರ ಮೇಲೆ ಪೂರ್ತಿ ಭಾರ ಬಿಟ್ಟು ನಿಂತೆ; ಮಗಳು ಪೆನ್ಸಿಲು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದಳು. ಹೊಟ್ಟೆಗೆ ಕಚಗುಳಿಯಿಟ್ಟ ಹಾಗಾಯಿತು. ಕಾಲು ತೆಗೆದು ನೋಡಿದರೆ, ಮದುವೆ ಜಾಹೀರಾತುಗಳ ಪುಟದ ಮೇಲೆ ನನ್ನ ಪಾದ. ಎಡಕ್ಕಿಂತ ಬಲ ಒಂದು ಕೂದಲು ದೊಡ್ಡದು. ಉದ್ದ 238 ಮಿಲಿಮೀಟರು. ಅಗಲ ಅಳೆಯಲು ಮಗಳು ಸ್ಕೇಲನ್ನು ಅಡ್ಡ ಇಟ್ಟಾಗ ನಾನು ತಡೆದು ನೋಡಿದೆ: ಐವತ್ತು ವರ್ಷದಲ್ಲಿ ನನ್ನ ಪಾದದ ಮೇಲೆ ಯಾರಾದರೂ ಅಡ್ಡಲಾಗಿ ಏನಾದರೂ ಇಟ್ಟದ್ದು ಇದೇ ಮೊದಲು.

ನನ್ನ ಮೊರಗಾಲು ನನ್ನೊಬ್ಬಳದೇ ಅಲ್ಲ ಎಂದು ಸರ್ಕಾರವೂ ಹೇಳಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಯಂತ್ರವಿಟ್ಟು ಅಳೆದರು. ನಮ್ಮವರ ಪಾದ ಪಡುವಣದವರ ಪಾದಕ್ಕಿಂತ ಅಗಲ ಎಂದು ತಿಳಿದು, ಜವೆಗೋಧಿಯ ಲೆಕ್ಕ ಸಾಕು ಎಂದು ‘ಭಾ’ ಎಂಬ ಹೊಸ ಅಳತೆ ಕಟ್ಟಿದರು. ಭಾರತದ ಭಾ. ಸೋದರತ್ತೆ ಇದ್ದಿದ್ದರೆ ಓದಿ ಹೇಳುತ್ತಿದ್ದೆ: ಅತ್ತೆ, ಸೀರೆ ಬಿಡಬೇಕಾದದ್ದು ನನ್ನೊಬ್ಬಳ ಕಾಲಿನ ಮೇಲಲ್ಲ, ಇಡೀ ದೇಶದ ಮೇಲೆ.

ಮ್ಯೂನಿಕ್‌ನಿಂದ ಬಂದ ಜೊತೆ ಬೂದು ಬಣ್ಣದ್ದು. ಒಳಪೊರೆಯಿಲ್ಲ, ಮೇಲೆ ಚರ್ಮ. ಚರ್ಮ ಹಾಕುತ್ತ ಹಾಕುತ್ತ ಅಗಲಕ್ಕೆ ಒಗ್ಗುತ್ತದೆ, ಹಳೆಯ ಮಾವನವರ ಹಾಗೆ. ಅದರ ಬೆರಳಿನ ಕಡೆಯ ಲೇಸು ಸಡಿಲಿಸಿ, ಹಿಮ್ಮಡಿಯ ಕಡೆ ಬಿಗಿದು, ಮನೆಯ ಮೆಟ್ಟಿಲನ್ನು ಇಪ್ಪತ್ತು ಸಲ ಇಳಿದೆ. ಹತ್ತಿದ್ದು ಲೆಕ್ಕಕ್ಕಿಲ್ಲ. ಹೆಬ್ಬೆರಳು ಬಾಗಿಲು ತಟ್ಟಲಿಲ್ಲ. ಹಿಮ್ಮಡಿ ಕುಣಿಯಲಿಲ್ಲ. ಕೆಳಮನೆಯವರು ಬಂದು "ಏನಾದ್ರೂ ಹರಕೆನಾ?" ಎಂದು ಕೇಳಿದರು.

ಹಾಗೆಂದು ಒಂದು ಶೂ ಎಲ್ಲ ಬೆಟ್ಟಕ್ಕೂ ಆಗುತ್ತದೆ ಎಂದುಕೊಂಡೆನಲ್ಲ, ಅದಕ್ಕೆ ಕೊಡಚಾದ್ರಿ ಬುದ್ಧಿ ಕಲಿಸಿತು. ಅಕ್ಟೋಬರು, ಮಳೆ ಪೂರ್ತಿ ಬಿಟ್ಟಿರಲಿಲ್ಲ. ಗ್ರಾನೈಟಿನ ಮೇಲೆ ಹಲ್ಲಿಯಾಗಿದ್ದ ಶೂ ಕೆಂಪು ಜೇಡಿಯ ಮೇಲೆ ಬೆಣ್ಣೆ ಸವರಿದ ಕಾವಲಿಯಾಯಿತು. ನಿಪ್ಪಟ್ಟಿನ ಚುಕ್ಕೆಗಳ ನಡುವೆ ಕೆಸರು ತುಂಬಿತು. ಹೆಬ್ಬೆರಳ ಕೆಳಗಿನ ನುಣುಪು ಜಾಗಕ್ಕೋ ಜಾರುವುದೇ ಹಬ್ಬ. ಹವಾಯಿ ಚಪ್ಪಲಿಯಲ್ಲಿ ಸರ್ವಜ್ಞ ಪೀಠಕ್ಕೆ ಹೊರಟಿದ್ದ ಒಂದು ಕುಟುಂಬ ಪಕ್ಕಕ್ಕೆ ಸರಿದು, ನಾನು ಕೂತಲ್ಲೇ ಕೆಳಗೆ ಹಾದುಹೋಗಲು ದಾರಿ ಬಿಟ್ಟಿತು. ಗಿಡ್ಡ ಕತ್ತಿನ ಶೂ ಬೇರೆ. ಉಂಬಳಗಳು ಯಾರ ಅಪ್ರೋಚೂ ಇಲ್ಲದೆ ನೇರ ಒಳಗೆ ಬಂದವು. ಮಲೆನಾಡಿನ ಮಳೆಗೆ ಆಳ ಗೆರೆಯ ಶೂ, ಬಯಲುಸೀಮೆಯ ಬಂಡೆಗೆ ಇದು. ಮನೆಗೊಬ್ಬ ಅಳಿಯ ಎಲ್ಲ ಕೆಲಸಕ್ಕೂ ಆಗುವುದಿಲ್ಲ.

ಕಳೆದ ಫೆಬ್ರವರಿಯಲ್ಲಿ ಸಾವನದುರ್ಗಕ್ಕೆ ಹೋಗಿದ್ದೆವು. 1,226 ಮೀಟರಿನ ಬೆಟ್ಟ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಹೆಗಲು. ನಾವು ಹತ್ತಿದ್ದು ಕರಿಗುಡ್ಡ. ಕೆಳಗೆ ವೀರಭದ್ರ, ನರಸಿಂಹ, ಮೇಲೆ ನಂದಿ, ನಡುವೆ ಬರೀ ಬಂಡೆ. ಶೂ ಅಂಟಿ ಅಂಟಿ ನಡೆಯಿತು. ಅರ್ಧ ದಾರಿಯಲ್ಲಿ ಬಂಡೆಯ ನೆರಳಿಗೆ ಒಬ್ಬ ಅಜ್ಜಿ ಮಜ್ಜಿಗೆಯ ಬಿಂದಿಗೆ ಇಟ್ಟುಕೊಂಡು ಕೂತಿದ್ದಳು. ಬರಿಗಾಲು. ಲೋಟಕ್ಕೆ ಇಪ್ಪತ್ತು ರೂಪಾಯಿ. ಮಜ್ಜಿಗೆ ಕೊಡುತ್ತ ನನ್ನ ಕಾಲು ನೋಡಿದಳು.

"ಎಷ್ಟು ಕೊಟ್ಟೆ ಮಗ ಇದ್ಕೆ?"

ಹದಿನಾಲ್ಕು ಸಾವಿರ ಎನ್ನಲು ನಾಲಿಗೆ ಏಳಲಿಲ್ಲ. "ಎರಡು ಸಾವಿರ" ಎಂದೆ.

ಅವಳು ಬೆರಳು ಮಡಚಿ, "ನೂರು ಲೋಟ ಮಜ್ಜಿಗೆ" ಎಂದಳು. ನಾನು ಒಳಗೊಳಗೇ ಏಳುನೂರು ಲೋಟ ಕುಡಿದು ಸುಮ್ಮನಾದೆ. ಸುಮ್ಮನಾದ ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ, "ನಿಮ್ಮ ಬರಿಗಾಲಿನ ಮುಂದೆ ಇದ್ಯಾವ ಲೆಕ್ಕ ಅಜ್ಜಿ, ಎಷ್ಟು ಚೆನ್ನಾಗಿ ಹತ್ತುತ್ತೀರಿ!" ಎಂದೆ. ಪಟ್ಟಣದವರು ಹಳ್ಳಿಯವರಿಗೆ ಬಿಟ್ಟಿ ಕೊಡುವ ಬಿರುದು ಅದು.

ಅಜ್ಜಿ ಬಿರುದು ತಗೊಳ್ಳಲಿಲ್ಲ. "ಚೆಂದೇನು ಬಂತು? ಹನ್ನೊಂದು ಗಂಟೆ ಮ್ಯಾಕೆ ಬಂಡೆ ಕಾದ ಹೆಂಚಾಯ್ತದೆ. ಚಪ್ಲಿ ಮೆಟ್ಟುದ್ರೆ ಜಾರ್ತದೆ, ಮೆಟ್ದೇ ಇದ್ರೆ ಸುಡ್ತದೆ. ಇನ್ನೇನ್ ಮಾಡದು?"

ಬ್ರಮಾನಿ ಎರಡು ವರ್ಷ ತಲೆ ಕೆಡಿಸಿಕೊಂಡದ್ದು ಇದೇ ಒಗಟಿಗೆ. ನಾನು ಲೇಸು ಬಿಚ್ಚಿ ಶೂ ಮುಂದೆ ಸರಿಸಿದೆ. ಅಜ್ಜಿ ಸಂಕೋಚವಿಲ್ಲದೆ ಕಾಲು ಹಾಕಿದಳು. ಹಿಮ್ಮಡಿಯ ಹಿಂದೆ ಎರಡು ಬೆರಳು ಹಿಡಿಸುವಷ್ಟು ಜಾಗ. ಮುಂದೆ ಮಾತ್ರ ತುಂಬಿ ತುಳುಕಿತು. ಎದ್ದು ಬಂಡೆಯ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹೋಗಿ, ನಿಂತು, ಪಾದ ಒತ್ತಿ ನೋಡಿ, "ಹಿಡ್ಕಂತದೆ ಕಣಮ್ಮ" ಎಂದಳು. ವಾಪಸು ಬಂದು ಕಳಚುತ್ತ, "ಬೆರಳು ಬಾಯಿ ಬಡ್ಕಂತವೆ. ನಮ್ಮ ಕಾಲಿಂದಲ್ಲ ಇದು" ಎಂದು ನಕ್ಕಳು.

ಆಮೇಲೆ ಪಕ್ಕದ ಬಂಡೆಯ ಬಿರುಕಿನಲ್ಲಿ ಒಣಗಿ ನಿಂತಿದ್ದ ಹುಲ್ಲಿನ ಗುತ್ತಿಯಿಂದ ಒಂದು ಗಟ್ಟಿ ಕಡ್ಡಿ ಕಿತ್ತು, ಹಿಮ್ಮಡಿಯಿಂದ ಹೆಬ್ಬೆರಳಿಗೆ ಹಿಡಿದು, ಉಗುರಿನಲ್ಲಿ ಪಟಕ್ಕನೆ ಚಿವುಟಿದಳು. ಆ ಸದ್ದು ನಾನು ನಲವತ್ತು ವರ್ಷದಿಂದ ಕೇಳಿರಲಿಲ್ಲ.

"ತಗ. ಮುಂದುಕ್ಕೆ ಬರೋವಾಗ ಕಮ್ಮಿದು ಯಾವ್ದಾರ ಇದ್ರೆ ನೋಡು. ಇಂಥ ನೂರು ಲೋಟದ್ದು ಬ್ಯಾಡ."

ನಾನು ಕಡ್ಡಿ ತೆಗೆದುಕೊಂಡೆ. ಆಮೇಲೆ ಬಗ್ಗಿ ಅದೇ ಗುತ್ತಿಯಿಂದ ಇನ್ನೊಂದು ಕಿತ್ತು, ಅವಳ ಪಾದದ ಮೇಲೆ ಕಿರುಬೆರಳ ಬುಡದಿಂದ ಹೆಬ್ಬೆರಳ ಬುಡಕ್ಕೆ ಅಡ್ಡಲಾಗಿ ಹಿಡಿದು ಮುರಿದೆ.

"ಅದ್ಯಾತಕ್ಕೆ?" ಎಂದಳು.

"ಇದಿಲ್ಲದಿದ್ರೆ ಅದು ದಂಡ ಅಜ್ಜಿ" ಎಂದೆ.

ಮಗಳ ತಲೆಯಿಂದ ರಬ್ಬರ್ ಬ್ಯಾಂಡ್ ಕೇಳಿ ಎರಡನ್ನೂ ಸೇರಿಸಿ ಸುತ್ತಿದೆ. ಇಳಿಯುವಾಗ ಶೂ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು, ನನ್ನ ಕೈ ಮಾತ್ರ ಹೆಜ್ಜೆಗೊಮ್ಮೆ ಎದೆಯ ಮೇಲಿನ ಜೇಬಿಗೆ ಹೋಗಿ ಬರುತ್ತಿತ್ತು. ಮಾಗಡಿಯಿಂದ ಬೆಂಗಳೂರಿನ ಬಸ್ಸು ಕಿಕ್ಕಿರಿದಿತ್ತು. ಬೆಂಗಳೂರು ಬರುವವರೆಗೂ ಜೇಬಿನ ಮೇಲೆ ಅಂಗೈ ಮುಚ್ಚಿಕೊಂಡೇ ನಿಂತಿದ್ದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಕಡ್ಡಿಯ ತುದಿ ಮುರಿದರೆ ಏನಾಗುತ್ತದೆಂದು ನನ್ನ ಹಿಮ್ಮಡಿಗೆ ಗೊತ್ತಿತ್ತು.